ಹಿಮ ತೆಗೆಯಲು ಟ್ರ್ಯಾಕ್ಟರ್: ಗೇರ್ ಬೇಕೋ, ಹೈಡ್ರೋಸ್ಟ್ಯಾಟಿಕ್ ಬೇಕೋ?

ಅಮೆರಿಕದ ಮಿಶಿಗನ್ ರಾಜ್ಯದ ಉತ್ತರದ ತುದಿಯಲ್ಲಿರುವ ಕೀವಿನಾ ಪ್ರದೇಶದಲ್ಲಿ ಒಂದು ಚಳಿಗಾಲಕ್ಕೆ 200 ಅಂಗುಲಕ್ಕೂ ಮಿಗಿಲಾಗಿ ಹಿಮ ಬೀಳುವುದು ಅಲ್ಲಿಯವರಿಗೆ ವಿಶೇಷವಲ್ಲ. 1978–79ರ ಚಳಿಗಾಲದಲ್ಲಿ ಅಲ್ಲಿ 390.4 ಅಂಗುಲ ದಾಖಲಾಗಿತ್ತು. ನ್ಯೂಯಾರ್ಕ್ ರಾಜ್ಯದ ಬಫಲೋ ನಗರಕ್ಕೆ ತಾಗಿದಂತಿರುವ ಆರ್ಚರ್ಡ್ ಪಾರ್ಕ್‌ನಲ್ಲಿ 2022ರ ನವೆಂಬರಿನ ಒಂದೇ ಬಿರುಗಾಳಿಗೆ ಆರು ಅಡಿಗಿಂತ ಹೆಚ್ಚು ಹಿಮ ಬಿದ್ದಿತು. ಇಂಥ ಕಡೆ ಪೇಟೆಯೊಳಗಿನ ಮನೆಯವರು ಕೈಯಲ್ಲಿ ತಳ್ಳುವ ಯಂತ್ರದಲ್ಲೇ ಹೇಗೋ ನಿಭಾಯಿಸುತ್ತಾರೆ. ಆದರೆ ಊರಾಚೆ ಒಂದೆರಡು ಎಕರೆ ಜಾಗ ಕೊಂಡು, ರಸ್ತೆಯಿಂದ ಗ್ಯಾರೇಜಿನವರೆಗೆ ನೂರಾರು ಅಡಿ ಡ್ರೈವ್‌ವೇ ಇಟ್ಟುಕೊಂಡವರು, ಅವರಲ್ಲಿ ಕನ್ನಡಿಗರೂ ಇದ್ದಾರೆ, ಎರಡನೆಯ ಚಳಿಗಾಲದ ಹೊತ್ತಿಗೆ ಸಣ್ಣ ಡೀಸೆಲ್ ಟ್ರ್ಯಾಕ್ಟರೊಂದಕ್ಕೆ ಹಿಮವನ್ನು ಎತ್ತಿ ದೂರ ಎಸೆಯುವ ಸ್ನೋ ಬ್ಲೋವರ್ ಜೋಡಿಸಿಕೊಳ್ಳುವ ಯೋಚನೆಗೆ ಬರುತ್ತಾರೆ. ಅಂಗಡಿಯಲ್ಲಿ ಬಣ್ಣ, ಬೆಲೆ, ಅಶ್ವಶಕ್ತಿಗಳ ಮಾತು ಮುಗಿದ ಕೂಡಲೇ ಎದುರಾಗುವ ಪ್ರಶ್ನೆ ಗೇರ್ ಬೇಕೋ, ಎಣ್ಣೆಯ ಒತ್ತಡದಿಂದ ಚಕ್ರ ತಿರುಗಿಸುವ ಹೈಡ್ರೋಸ್ಟ್ಯಾಟಿಕ್ ಬೇಕೋ ಎಂಬುದು. 20ರಿಂದ 40 ಅಶ್ವಶಕ್ತಿಯ ಟ್ರ್ಯಾಕ್ಟರ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು, ಆ ಪ್ರಶ್ನೆಗೆ ನಿಮ್ಮ ಅಂಗಳಕ್ಕೆ ಒಪ್ಪುವ ಉತ್ತರವನ್ನು ನೀವೇ ಕಂಡುಕೊಳ್ಳುವ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮೊದಲ ಹೆಜ್ಜೆ: ಎರಡು ವೇಗಗಳನ್ನು ಬೇರೆ ಬೇರೆಯಾಗಿ ನೋಡಿ

ಹಿಮ ತೆಗೆಯುವ ಕೆಲಸದಲ್ಲಿ ಬ್ಲೋವರ್ ತಿರುಗುವ ವೇಗ ಒಂದು, ಟ್ರ್ಯಾಕ್ಟರ್ ಮುಂದೆ ಸಾಗುವ ವೇಗ ಇನ್ನೊಂದು. ಬ್ಲೋವರಿಗೆ ಶಕ್ತಿ ಕೊಡುವುದು ಪಿಟಿಒ, ಅಂದರೆ ಎಂಜಿನ್ನಿನ ಶಕ್ತಿಯನ್ನು ಜೋಡಿಸಿದ ಉಪಕರಣಕ್ಕೆ ತಲುಪಿಸುವ ತಿರುಗುವ ದಂಡ. ಹಿಂಬದಿಯ ಪಿಟಿಒ ನಿಮಿಷಕ್ಕೆ 540 ಸುತ್ತು, ಹೊಟ್ಟೆಯಡಿಯ ಅಥವಾ ಮುಂಬದಿಯ ಪಿಟಿಒ ಸಾಮಾನ್ಯವಾಗಿ ಸುಮಾರು 2000 ಸುತ್ತು ತಿರುಗಬೇಕು. ಎಂಜಿನ್ ತನ್ನ ನಿಗದಿತ ವೇಗದಲ್ಲಿ ಓಡಿದಾಗ ಮಾತ್ರ ಆ ಸಂಖ್ಯೆ ಸಿಗುತ್ತದೆ. ಎಂಜಿನ್ ಕುಂದಿದರೆ ಬ್ಲೋವರಿನ ಒಳಚಕ್ರ ನಿಧಾನವಾಗಿ, ಹಿಮ ದೂರಕ್ಕೆ ಚಿಮ್ಮುವ ಬದಲು ಅದು ಹೊರಬೀಳುವ ಕೊಳವೆಯಾದ ಚ್ಯೂಟಿನೊಳಗೇ ಗಟ್ಟಿಯಾಗಿ ಕೂರುತ್ತದೆ. ಆದ್ದರಿಂದ ಮೊದಲನೆಯ ವೇಗ ಕದಲಬಾರದು.

ಎರಡನೆಯದು ಕ್ಷಣಕ್ಷಣಕ್ಕೂ ಬದಲಾಗಬೇಕು. ಇದು ಏಕೆಂದು ತಿಳಿಯಲು ಸಣ್ಣದೊಂದು ಲೆಕ್ಕ ಸಾಕು. ಐದು ಅಡಿ ಅಗಲದ ಬ್ಲೋವರ್ ಒಂದು ಅಡಿ ಆಳದ ಹಿಮದಲ್ಲಿ ಗಂಟೆಗೆ ಒಂದು ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ ಎಂದುಕೊಳ್ಳಿ. ಹಿಮ ಹೊಸದಾಗಿ ಬಿದ್ದ ಒಣ ಹಿಮವಾಗಿದ್ದು, ಘನ ಮೀಟರಿಗೆ 100 ಕಿಲೋ ತೂಗುವುದಾದರೆ, ಯಂತ್ರ ನಿಮಿಷಕ್ಕೆ ಸುಮಾರು ಮುಕ್ಕಾಲು ಟನ್ ಎತ್ತಿ ಎಸೆಯಬೇಕು. ಮಾರ್ಚ್ ತಿಂಗಳ ನೀರು ತುಂಬಿದ ಹಿಮ ಘನ ಮೀಟರಿಗೆ 300 ಕಿಲೋ ತೂಗಬಲ್ಲದು. ಆಗ ಅದೇ ವೇಗದಲ್ಲಿ ನಿಮಿಷಕ್ಕೆ ಎರಡೂಕಾಲು ಟನ್ನಿಗೂ ಹೆಚ್ಚಾಗುತ್ತದೆ. ಒಂದೇ ಡ್ರೈವ್‌ವೇಯ ಗಾಳಿ ಬಡಿಯುವ ಜಾಗದಲ್ಲಿ ನಾಲ್ಕು ಅಂಗುಲ, ಗ್ಯಾರೇಜಿನ ಮರೆಯಲ್ಲಿ ಎರಡು ಅಡಿ ಇರುವುದೂ ಸಾಮಾನ್ಯ. ಎಂಜಿನ್ನಿನ ಶಕ್ತಿ ಇದ್ದಷ್ಟೇ ಇರುವುದರಿಂದ, ಹೊರೆ ಏರಿದಾಗ ಸಾಗುವ ವೇಗವನ್ನು ಇಳಿಸುವುದೊಂದೇ ದಾರಿ, ಮತ್ತು ಹಾಗೆ ಇಳಿಸುವಾಗ ಎಂಜಿನ್ನಿನ ವೇಗವನ್ನು ಮುಟ್ಟಬಾರದು.

ಊರಿನಲ್ಲಿ ರೋಟವೇಟರ್ ಹೊಡೆದು ಗೊತ್ತಿರುವವರಿಗೆ ಇದು ಹೊಸ ವಿಷಯವಲ್ಲ: ಲೋ ಗೇರಿಗೆ ಹಾಕಿ, ಆಕ್ಸಿಲರೇಟರ್ ಏರಿಸಿಟ್ಟು, ಮಣ್ಣು ಗಟ್ಟಿಯಿದ್ದಲ್ಲಿ ಇನ್ನೊಂದು ಗೇರ್ ಇಳಿಸುವುದು. ಆದರೆ ಹೊಲದಲ್ಲಿ ಸಾಲು ಉದ್ದ, ತಿರುವು ಬದುವಿನ ಹತ್ತಿರ ಮಾತ್ರ. ಮನೆಯ ಮುಂದೆ ಹಾಗಿರುವುದಿಲ್ಲ. ಆಯ್ಕೆಯ ಕಷ್ಟವೆಲ್ಲ ಹುಟ್ಟುವುದು ಅಲ್ಲಿಯೇ.

ಎರಡನೆಯ ಹೆಜ್ಜೆ: ಎರಡೂ ಬಗೆ ಕೆಲಸ ಮಾಡುವ ರೀತಿಯನ್ನು ತಿಳಿಯಿರಿ

ಗೇರ್ ಟ್ರ್ಯಾಕ್ಟರಿನಲ್ಲಿ ಎಂಜಿನ್ನಿಗೂ ಚಕ್ರಕ್ಕೂ ನಡುವೆ ಹಲ್ಲಿನ ಚಕ್ರಗಳ ನೇರ ಕೊಂಡಿಯಿದೆ. ಒಂದು ಗೇರಿಗೆ, ಒಂದು ಎಂಜಿನ್ ವೇಗಕ್ಕೆ, ಒಂದೇ ಸಾಗುವ ವೇಗ. ಗೇರ್ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ವ್ಯವಸ್ಥೆಗಳು ಮಾರಾಟವಾಗುವುದರಿಂದ, ಅಂಗಡಿಯವರನ್ನು ಇಲ್ಲಿ ಬಿಡಿಸಿ ಕೇಳಬೇಕು. ಹಳೆಯ ಬಗೆಯದರಲ್ಲಿ ಕ್ಲಚ್ ಒತ್ತಿ, ಟ್ರ್ಯಾಕ್ಟರನ್ನು ಪೂರ್ತಿ ನಿಲ್ಲಿಸಿಯೇ ಗೇರ್ ಬದಲಿಸಬೇಕು. ಸಿಂಕ್ರೋ ಷಟಲ್ ಎಂಬುದರಲ್ಲಿ ಕ್ಲಚ್ ಒತ್ತಬೇಕಾದರೂ, ಒಂದೇ ಸನ್ನೆಯನ್ನು (ಲಿವರ್) ಮುಂದಕ್ಕೂ ಹಿಂದಕ್ಕೂ ದೂಡಿ ದಿಕ್ಕು ಬದಲಿಸಬಹುದು. ಮೂರನೆಯದು ಪವರ್ ಷಟಲ್ ಅಥವಾ ಪವರ್ ರಿವರ್ಸರ್. ಸ್ಟಿಯರಿಂಗಿನ ಎಡಬದಿಯ ಸನ್ನೆಯನ್ನು ಆಡಿಸಿದರೆ ಎಣ್ಣೆಯಲ್ಲಿ ಮುಳುಗಿರುವ ಕ್ಲಚ್‌ಗಳು ತಾವೇ ಹಿಡಿದು ಬಿಟ್ಟು ದಿಕ್ಕನ್ನು ಬದಲಿಸುತ್ತವೆ, ಎಡಗಾಲಿಗೆ ಕೆಲಸವಿಲ್ಲ. ಹಿಮದ ಕೆಲಸಕ್ಕೆ ಈ ಮೂರರ ನಡುವಿನ ಅಂತರ ಬಹಳ ದೊಡ್ಡದು. ಮೊದಲನೆಯದನ್ನೂ ಮೂರನೆಯದನ್ನೂ ಒಂದೇ ತಕ್ಕಡಿಯಲ್ಲಿ ತೂಗಿ ಗೇರ್ ಒಳ್ಳೆಯದು, ಕೆಟ್ಟದ್ದು ಎಂದು ವಾದಿಸುವವರ ಮಾತಿಗೆ ಬೆಲೆ ಕೊಡಬೇಕಾಗಿಲ್ಲ.

ಹೈಡ್ರೋಸ್ಟ್ಯಾಟಿಕ್ ಟ್ರ್ಯಾಕ್ಟರಿನಲ್ಲಿ ಎಂಜಿನ್ ಒಂದು ಪಿಸ್ಟನ್ ಪಂಪನ್ನು ತಿರುಗಿಸುತ್ತದೆ, ಪಂಪಿನಿಂದ ಒತ್ತಡದಲ್ಲಿ ಹೊರಟ ಎಣ್ಣೆ ಒಂದು ಹೈಡ್ರಾಲಿಕ್ ಮೋಟಾರನ್ನು ತಿರುಗಿಸುತ್ತದೆ, ಆ ಮೋಟಾರ್ ಚಕ್ರಗಳನ್ನು ತಿರುಗಿಸುತ್ತದೆ. ಪಂಪಿನೊಳಗಿನ ಒಂದು ಓರೆ ತಟ್ಟೆಯ ಓರೆಯನ್ನು ನಿಮ್ಮ ಪಾದದ ಪೆಡಲ್ ಹೆಚ್ಚು ಕಡಿಮೆ ಮಾಡುತ್ತದೆ. ತಟ್ಟೆ ನೆಟ್ಟಗಿದ್ದರೆ ಎಣ್ಣೆ ಹರಿಯುವುದಿಲ್ಲ, ಟ್ರ್ಯಾಕ್ಟರ್ ನಿಂತಿರುತ್ತದೆ. ಸ್ವಲ್ಪ ವಾಲಿದರೆ ತೆವಳುತ್ತದೆ. ಎದುರು ದಿಕ್ಕಿಗೆ ವಾಲಿದರೆ ಹಿಂದಕ್ಕೆ ಚಲಿಸುತ್ತದೆ. ಇಷ್ಟೂ ನಡೆಯುವಾಗ ಎಂಜಿನ್ ಮತ್ತು ಪಿಟಿಒ ಒಂದೇ ವೇಗದಲ್ಲಿ ಓಡುತ್ತಿರುತ್ತವೆ. ಇದರಲ್ಲಿಯೂ ಲೋ, ಮೀಡಿಯಂ, ಹೈ ಎಂಬ ಎರಡು ಅಥವಾ ಮೂರು ಹಂತಗಳ ಗೇರ್ ಇರುತ್ತದೆ, ಆದರೆ ಹಿಮದ ಕೆಲಸ ಬಹುತೇಕ ಲೋ ಹಂತದಲ್ಲಿಯೇ ನಡೆದುಹೋಗುತ್ತದೆ.

ಮೂರನೆಯ ಹೆಜ್ಜೆ: ನಿಮ್ಮ ಜಾಗದಲ್ಲಿ ಎಷ್ಟು ಸಲ ಹಿಂದೆ ಮುಂದೆ ಹೋಗಬೇಕೆಂದು ಎಣಿಸಿ

ಡ್ರೈವ್‌ವೇಯ ಉದ್ದವನ್ನು ಎಲ್ಲರೂ ಅಳೆಯುತ್ತಾರೆ. ಅದಕ್ಕಿಂತ ಮುಖ್ಯವಾದದ್ದು ದಿಕ್ಕು ಬದಲಿಸುವ ಲೆಕ್ಕ. ಒಂದು ಕಾಗದದ ಮೇಲೆ ಮನೆ, ಗ್ಯಾರೇಜ್, ಕಾರು ತಿರುಗಿಸುವ ಜಾಗ, ಅಂಚೆಪೆಟ್ಟಿಗೆ, ಕಾಲುದಾರಿ ಇವುಗಳನ್ನು ಬಿಡಿಸಿ, ಐದು ಅಡಿ ಅಗಲದ ಪಟ್ಟಿಗಳಲ್ಲಿ ಅದನ್ನೆಲ್ಲ ಗುಡಿಸಿ ಹಾಕುವುದಾದರೆ ಎಲ್ಲೆಲ್ಲಿ ನಿಂತು ಹಿಂದೆ ಬರಬೇಕಾಗುತ್ತದೆ ಎಂದು ಗೆರೆ ಎಳೆಯಿರಿ. ಹಿಮವನ್ನು ಎತ್ತ ಎಸೆಯಬಹುದು ಎಂಬುದನ್ನೂ ಬರೆದುಕೊಳ್ಳಿ, ಏಕೆಂದರೆ ನೆರೆಮನೆಯವರ ಕಾರಿನತ್ತ ಅಥವಾ ಪುರಸಭೆಯ ರಸ್ತೆಗೆ ಎಸೆಯುವಂತಿಲ್ಲ. ಎಸೆಯುವ ದಿಕ್ಕಿಗಾಗಿಯೇ ಕೆಲವು ಸಲ ಬರಿದೇ ಹಿಂದಕ್ಕೆ ಹೋಗಿ ಮತ್ತೆ ಶುರು ಮಾಡಬೇಕಾಗುತ್ತದೆ.

ಮನೆಯಿಂದ ರಸ್ತೆಗೆ ಕಾಲು ಮೈಲಿ ನೇರ ದಾರಿ, ಕೊನೆಗೆ ಅಗಲವಾದ ತಿರುಗುವ ಜಾಗ, ಇಷ್ಟೇ ಇರುವ ತೋಟದ ಮನೆಯಲ್ಲಿ ಗೇರ್ ಟ್ರ್ಯಾಕ್ಟರ್ ಹಾಯಾಗಿ ಕೆಲಸ ಮಾಡುತ್ತದೆ. ಸರಿಯಾದ ಗೇರಿಗೆ ಹಾಕಿ ಕಾಲಿಗೆ ಬಿಡುವು ಕೊಟ್ಟು ಕೂತರೆ, ಅದು ತನ್ನ ಪಾಡಿಗೆ ಒಂದೇ ವೇಗದಲ್ಲಿ ಸಾಗುತ್ತದೆ. ಅಷ್ಟು ದೂರ ಪೆಡಲ್ ಒತ್ತಿಯೇ ಹಿಡಿಯಬೇಕಾದ ಹೈಡ್ರೋಸ್ಟ್ಯಾಟಿಕ್‌ಗಿಂತ, ವೇಗವನ್ನು ತಾನೇ ಹಿಡಿದಿಡುವ ಕ್ರೂಸ್ ಸೌಲಭ್ಯ ಇಲ್ಲದಿದ್ದರಂತೂ, ಇದೇ ಮೇಲು. ಅದೇ ಎರಡು ಕಾರಿನ ಗ್ಯಾರೇಜು, ಅದರ ಮುಂದೆ ಚೌಕಾಕಾರದ ಜಾಗ, ಪಕ್ಕದಲ್ಲಿ ಶೆಡ್ಡಿಗೆ ಹೋಗುವ ದಾರಿ ಇರುವ ಮನೆಯಲ್ಲಿ, ಉದ್ದ ನೂರು ಅಡಿಯೇ ಇದ್ದರೂ, ಒಂದು ಸಲದ ಹಿಮಕ್ಕೆ ಹತ್ತಾರು ಬಾರಿ ದಿಕ್ಕು ಬದಲಿಸಬೇಕಾಗುತ್ತದೆ. ದಪ್ಪ ಬೂಟು ಹಾಕಿದ ಎಡಗಾಲಿನಲ್ಲಿ ಪ್ರತಿ ಸಲವೂ ಕ್ಲಚ್ ಒತ್ತುವುದು ಮೊದಲ ಹಿಮಕ್ಕೆ ವ್ಯಾಯಾಮದಂತೆ ಕಂಡರೂ ಜನವರಿಯ ಹೊತ್ತಿಗೆ ಮೊಣಕಾಲಿನ ದೂರಾಗಿರುತ್ತದೆ. ಇಂಥ ಮನೆಗೆ ಹೈಡ್ರೋಸ್ಟ್ಯಾಟಿಕ್ ಎಂದು ನಾನು ಅನುಮಾನವಿಲ್ಲದೆ ಹೇಳುತ್ತೇನೆ. ಬೇಸಿಗೆಯಲ್ಲಿ ಉಳುಮೆಯಂತಹ ಎಳೆಯುವ ಕೆಲಸವೂ ಇದೆ ಎನ್ನುವವರಿಗೆ ಮಾತ್ರ ಪವರ್ ರಿವರ್ಸರ್ ನಡುವಿನ ದಾರಿಯಾಗಬಹುದು.

ನಾಲ್ಕನೆಯ ಹೆಜ್ಜೆ: ವೇಗಗಳ ಪಟ್ಟಿಯನ್ನು ಓದಿ

ಗೇರ್ ಟ್ರ್ಯಾಕ್ಟರ್ ಕೊಳ್ಳುವ ಮನಸ್ಸಿದ್ದರೆ ಈ ಹೆಜ್ಜೆಯನ್ನು ಬಿಡಬೇಡಿ. ಪ್ರತಿ ಟ್ರ್ಯಾಕ್ಟರಿನ ಕೈಪಿಡಿಯಲ್ಲಿ, ಯಾವ ಗೇರಿನಲ್ಲಿ, ನಿಗದಿತ ಎಂಜಿನ್ ವೇಗದಲ್ಲಿ, ಗಂಟೆಗೆ ಎಷ್ಟು ದೂರ ಎಂಬ ಪಟ್ಟಿ ಇರುತ್ತದೆ. ನೀವು ನೋಡಬೇಕಾದದ್ದು ಮೇಲಿನ ಗೇರುಗಳನ್ನಲ್ಲ, ಕೆಳಗಿನ ಮೂರು ನಾಲ್ಕನ್ನು. ಆಳದ ಅಥವಾ ಒದ್ದೆ ಹಿಮಕ್ಕೆ ಗಂಟೆಗೆ ಒಂದು ಕಿಲೋಮೀಟರಿಗಿಂತ ಕಡಿಮೆ, ಸಾಧಾರಣ ಹಿಮಕ್ಕೆ ಒಂದೂವರೆಯಿಂದ ಎರಡು, ತೆಳು ಹಿಮಕ್ಕೆ ಮೂರು ಅಥವಾ ಸ್ವಲ್ಪ ಹೆಚ್ಚು ಕಿಲೋಮೀಟರ್ ವೇಗ ಸಿಗುವಂತಿರಬೇಕು. ಆ ಗೇರುಗಳ ನಡುವಿನ ಅಂತರ ದೊಡ್ಡದಿದ್ದರೆ, ಒಂದರಲ್ಲಿ ಎಂಜಿನ್ ಏದುಸಿರು ಬಿಡುತ್ತದೆ, ಅದರ ಕೆಳಗಿನದರಲ್ಲಿ ನಿಮಗೆ ನಿದ್ದೆ ಬರುತ್ತದೆ. ಕ್ರೀಪರ್ ಎಂಬ ಹೆಚ್ಚುವರಿ ನಿಧಾನದ ಗೇರ್ ಇರುವ ಮಾದರಿ ಸಿಕ್ಕರೆ ಅದಕ್ಕೆ ಸ್ವಲ್ಪ ಹೆಚ್ಚು ಹಣ ಕೊಡುವುದು ತಪ್ಪಲ್ಲ.

ಪಟ್ಟಿಯಲ್ಲಿ ರಿವರ್ಸ್ ಗೇರುಗಳನ್ನೂ ಅಷ್ಟೇ ಗಮನವಿಟ್ಟು ನೋಡಿ. ಬ್ಲೋವರ್ ಹಿಂಬದಿಗೆ ಜೋಡಿಸುವಂಥದ್ದಾದರೆ ಕೆಲಸವೆಲ್ಲ ನಡೆಯುವುದು ಹಿಂದಕ್ಕೆ ಹೋಗುತ್ತಲೇ. ಮುಂದಕ್ಕೆ ಎಂಟು, ಹಿಂದಕ್ಕೆ ಎಂಟು ಗೇರ್ ಇರುವ ಷಟಲ್ ಟ್ರ್ಯಾಕ್ಟರಿನಲ್ಲಿ ಇದು ತೊಡಕಲ್ಲ. ಹಿಂದಕ್ಕೆ ಒಂದೇ ಗೇರ್ ಇದ್ದು, ಅದೂ ಜೋರಾಗಿ ಓಡುವ ಹಳೆಯ ಟ್ರ್ಯಾಕ್ಟರಿಗೆ ಹಿಂಬದಿಯ ಬ್ಲೋವರ್ ಹಾಕಿದರೆ, ಕ್ಲಚ್ಚನ್ನು ಅರ್ಧ ಒತ್ತಿಕೊಂಡೇ ಹೋಗಬೇಕಾಗುತ್ತದೆ. ಹಾಗೆ ಸವೆದ ಕ್ಲಚ್ ತಟ್ಟೆಯನ್ನು ಬದಲಿಸಲು ಟ್ರ್ಯಾಕ್ಟರನ್ನು ನಡುವಿಗೆ ಎರಡು ಭಾಗ ಮಾಡಿ ಬಿಚ್ಚಬೇಕು. ಮೆಕ್ಯಾನಿಕ್ಕಿನ ಕೂಲಿಯೇ ತಟ್ಟೆಯ ಬೆಲೆಯನ್ನು ಮೀರುತ್ತದೆ.

ಐದನೆಯ ಹೆಜ್ಜೆ: ಪಿಟಿಒ ಯಾವ ಬಗೆಯದು ಎಂದು ಕೇಳಿ

ಗೇರೋ ಹೈಡ್ರೋವೋ ಎಂಬ ಗದ್ದಲದಲ್ಲಿ ಈ ಪ್ರಶ್ನೆ ಮರೆತುಹೋಗುವುದುಂಟು. ಹಿಮದ ಕೆಲಸಕ್ಕೆ ಇದು ಕೆಲವೊಮ್ಮೆ ಅದಕ್ಕಿಂತಲೂ ದೊಡ್ಡದು.

ಕೆಲವು ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಪಿಟಿಒ ಗೇರ್‌ಬಾಕ್ಸಿನ ಮೂಲಕವೇ ಓಡುತ್ತದೆ. ಕ್ಲಚ್ ಒತ್ತಿದ ಕೂಡಲೇ ಚಕ್ರದ ಜೊತೆಗೆ ಬ್ಲೋವರೂ ಶಕ್ತಿ ಕಳೆದುಕೊಳ್ಳುತ್ತದೆ. ಅಮೆರಿಕದ ಹಳ್ಳಿಗಳಲ್ಲಿ ಇಂದಿಗೂ ಕಾಣಸಿಗುವ, 1947ರಿಂದ 1952ರವರೆಗೆ ತಯಾರಾದ ಫೋರ್ಡ್ 8ಎನ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಮೊದಲ ಗೇರೇ ಹಿಮದ ಕೆಲಸಕ್ಕೆ ಜೋರು. ಹಿಮ ಹೆಚ್ಚಾಯಿತೆಂದು ಕ್ಲಚ್ ಒತ್ತಿ ನಿಲ್ಲಿಸಿದರೆ, ಬ್ಲೋವರಿನೊಳಗೆ ಬಂದ ಹಿಮ ಹೊರಹೋಗುವ ಮುನ್ನವೇ ಅದೂ ನಿಂತು, ಚ್ಯೂಟ್ ಕಟ್ಟಿಕೊಳ್ಳುತ್ತದೆ. ಗೇರನ್ನು ಇನ್ನೂ ನಿಧಾನಗೊಳಿಸಲು ಶರ್ಮನ್ ಹೆಸರಿನ ಹೆಚ್ಚುವರಿ ಗೇರ್‌ಬಾಕ್ಸನ್ನು ಆ ಕಾಲದಲ್ಲಿಯೇ ಮಾರುತ್ತಿದ್ದರು, ಅದಿದ್ದರೆ ಪರವಾಗಿಲ್ಲ. ಇಲ್ಲದಿದ್ದರೆ, ಅಗ್ಗಕ್ಕೆ ಸಿಕ್ಕಿತೆಂದು ಅಂಥ ಟ್ರ್ಯಾಕ್ಟರಿಗೆ ಬ್ಲೋವರ್ ಕೊಳ್ಳುವ ಬದಲು ಹಿಂಬದಿಗೆ ಬ್ಲೇಡ್ ಕಟ್ಟಿ ಹಿಮ ತಳ್ಳುವುದೇ ಜಾಣತನ.

ಎರಡು ಹಂತದ ಕ್ಲಚ್ ಇರುವ ಲೈವ್ ಪಿಟಿಒದಲ್ಲಿ ಪೆಡಲನ್ನು ಅರ್ಧ ಒತ್ತಿದರೆ ಚಕ್ರ ಮಾತ್ರ ನಿಲ್ಲುತ್ತದೆ, ಪೂರ್ತಿ ಒತ್ತಿದರೆ ಬ್ಲೋವರೂ ನಿಲ್ಲುತ್ತದೆ. ಇದು ಸಾಕು, ಆದರೆ ದಪ್ಪ ಬೂಟಿನೊಳಗಿನ ಕಾಲಿಗೆ ಆ ಅರ್ಧ ಎಲ್ಲಿದೆ ಎಂದು ತಿಳಿಯಲು ಅಭ್ಯಾಸ ಬೇಕು. ಸ್ವತಂತ್ರ ಪಿಟಿಒದಲ್ಲಿ ಈ ಗೊಡವೆಯೇ ಇಲ್ಲ. ಅದಕ್ಕೆ ತನ್ನದೇ ಕ್ಲಚ್ ಇದ್ದು, ಪ್ರತ್ಯೇಕ ಗುಂಡಿ ಅಥವಾ ಸನ್ನೆಯಿಂದ ಹಾಕಿ ತೆಗೆಯಬಹುದು. ಈಗಿನ ಹೈಡ್ರೋಸ್ಟ್ಯಾಟಿಕ್ ಮಾದರಿಗಳಲ್ಲಿ ಹೆಚ್ಚಿನವು ಸ್ವತಂತ್ರ ಅಥವಾ ಲೈವ್ ಪಿಟಿಒ ಹೊಂದಿರುತ್ತವೆ. ಗೇರ್ ಟ್ರ್ಯಾಕ್ಟರ್ ತೆಗೆದುಕೊಳ್ಳುವುದಾದರೆ ಸ್ವತಂತ್ರ ಪಿಟಿಒ ಇರುವುದನ್ನೇ ಪಟ್ಟು ಹಿಡಿದು ಕೇಳಿ.

ಆರನೆಯ ಹೆಜ್ಜೆ: ಶಕ್ತಿಯ ಲೆಕ್ಕವನ್ನು ಪಿಟಿಒ ಬಳಿ ಮಾಡಿ

ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿರುವುದು ಎಂಜಿನ್ನಿನ ಅಶ್ವಶಕ್ತಿ. ಬ್ಲೋವರಿಗೆ ತಲುಪುವುದು ಪಿಟಿಒ ಅಶ್ವಶಕ್ತಿ. ಎಣ್ಣೆಯ ಮೂಲಕ ಶಕ್ತಿ ಸಾಗಿಸುವಾಗ ಸ್ವಲ್ಪ ಭಾಗ ಬಿಸಿಯಾಗಿ ಕಳೆದುಹೋಗುವುದರಿಂದ, ಒಂದೇ ಮಾದರಿಯ ಗೇರ್ ಟ್ರ್ಯಾಕ್ಟರಿಗಿಂತ ಹೈಡ್ರೋಸ್ಟ್ಯಾಟಿಕ್ ಟ್ರ್ಯಾಕ್ಟರಿನ ಪಿಟಿಒ ಶಕ್ತಿ ಈ ಗಾತ್ರದಲ್ಲಿ ಸಾಮಾನ್ಯವಾಗಿ ಒಂದರಿಂದ ಎರಡು ಅಶ್ವಶಕ್ತಿಯಷ್ಟು ಕಡಿಮೆಯಿರುತ್ತದೆ. ಬ್ಲೋವರಿನ ಪ್ರತಿ ಅಡಿ ಅಗಲಕ್ಕೆ ನಾಲ್ಕರಿಂದ ಐದು ಪಿಟಿಒ ಅಶ್ವಶಕ್ತಿ ಎಂಬುದು ರೂಢಿಯ ಲೆಕ್ಕ. ನಿಮ್ಮ ಟ್ರ್ಯಾಕ್ಟರ್ ಈ ಗಡಿಯ ಅಂಚಿನಲ್ಲಿದ್ದರೆ ಆ ಒಂದೆರಡು ಅಶ್ವಶಕ್ತಿಗೆ ಬೆಲೆಯುಂಟು. ಹಾಗಿದ್ದರೂ ಅದಕ್ಕಾಗಿ ಗೇರಿಗೆ ಹೋಗುವುದಕ್ಕಿಂತ ಅರ್ಧ ಅಡಿ ಕಿರಿದಾದ ಬ್ಲೋವರ್ ಕೊಳ್ಳುವುದು ಮೇಲು. ಒಂದು ಅಳತೆಯನ್ನು ಮಾತ್ರ ಬಿಡುವಂತಿಲ್ಲ: ಬ್ಲೋವರ್ ಹಿಂಬದಿಯ ಚಕ್ರಗಳ ಹೊರ ಅಂಚಿಗಿಂತ ಕಿರಿದಾಗಿರಬಾರದು, ಇಲ್ಲದಿದ್ದರೆ ಚಕ್ರವೇ ಹಿಮವನ್ನು ತುಳಿದು ಮಂಜುಗಡ್ಡೆ ಮಾಡುತ್ತದೆ.

ಏಳನೆಯ ಹೆಜ್ಜೆ: ಬ್ಲೋವರ್ ಎಲ್ಲಿ ಕೂರುತ್ತದೆ ಎಂಬುದಕ್ಕೆ ತಕ್ಕಂತೆ ಪೆಡಲ್ ನೋಡಿ

ಮುಂಬದಿಯ ಬ್ಲೋವರಿಗೆ ಬೆಲೆ ಹೆಚ್ಚು, ಜೋಡಿಸುವ ಕಷ್ಟವೂ ಹೆಚ್ಚು, ಆದರೆ ಕತ್ತು ಉಳಿಯುತ್ತದೆ. ಹಿಂಬದಿಯದು ಅಗ್ಗ, ಗಟ್ಟಿಮುಟ್ಟು, ಮತ್ತು ಗಂಟೆಗಟ್ಟಲೆ ಭುಜದ ಮೇಲಿಂದ ಹಿಂದಕ್ಕೆ ನೋಡುತ್ತಲೇ ಓಡಿಸಬೇಕಾದದ್ದು. ಹೈಡ್ರೋಸ್ಟ್ಯಾಟಿಕ್ ಪೆಡಲ್‌ಗಳಲ್ಲಿ ಎರಡು ಬಗೆಗಳಿವೆ. ಒಂದರಲ್ಲಿ ಒಂದೇ ಉದ್ದನೆಯ ಪೆಡಲ್ಲಿನ ಮುಂತುದಿಯನ್ನು ಬೆರಳಿನಿಂದ ಒತ್ತಿದರೆ ಮುಂದಕ್ಕೆ, ಹಿಂತುದಿಯನ್ನು ಹಿಮ್ಮಡಿಯಿಂದ ಒತ್ತಿದರೆ ಹಿಂದಕ್ಕೆ. ಕುಬೋಟಾದ ಬಹುಪಾಲು ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಇರುವುದು ಇದೇ. ಇನ್ನೊಂದರಲ್ಲಿ ಮುಂದಕ್ಕೊಂದು, ಹಿಂದಕ್ಕೊಂದು ಎಂದು ಅಕ್ಕಪಕ್ಕದಲ್ಲಿ ಎರಡು ಪೆಡಲ್‌ಗಳಿರುತ್ತವೆ. ಜಾನ್ ಡಿಯರ್ ಸಣ್ಣ ಟ್ರ್ಯಾಕ್ಟರ್‌ಗಳಲ್ಲಿ ಕಾಣುವುದು ಇದು. ಹಿಂಬದಿಯ ಬ್ಲೋವರಿನ ಜೊತೆ ಕೆಲಸ ಮಾಡುವಾಗ, ಮೈಯನ್ನು ಬಲಕ್ಕೆ ತಿರುಗಿಸಿ ಹಿಮ್ಮಡಿಯನ್ನು ಒತ್ತಿಯೇ ಹಿಡಿಯುವುದು ಹಲವರಿಗೆ ಮೀನಖಂಡದ ನೋವು ತರುತ್ತದೆ, ಎರಡು ಪೆಡಲ್ಲಿನದು ಸ್ವಲ್ಪ ಸಲೀಸು. ಅಂಗಡಿಯಲ್ಲಿ ಬೇಸಿಗೆಯ ಚಪ್ಪಲಿಯಲ್ಲಿ ಕೂತು ನೋಡಿದರೆ ಇದು ತಿಳಿಯುವುದಿಲ್ಲ. ಚಳಿಗಾಲದ ಬೂಟು, ದಪ್ಪ ಜಾಕೆಟ್ಟು ಹಾಕಿಕೊಂಡೇ ಕೂತು, ಹಿಂದೆ ತಿರುಗಿ, ಹತ್ತು ನಿಮಿಷ ಓಡಿಸಿ. ಹಿಂದಕ್ಕೇ ಹೋಗುವ ಕೆಲಸವಿದ್ದು ದಾರಿಯೂ ಉದ್ದವಿದ್ದರೆ, ನಿಧಾನದ ರಿವರ್ಸ್ ಗೇರ್ ಇರುವ ಷಟಲ್ ಟ್ರ್ಯಾಕ್ಟರ್ ಇಲ್ಲಿ ಮತ್ತೊಮ್ಮೆ ಗೆಲ್ಲುತ್ತದೆ: ಅದರಲ್ಲಿ ಪಾದ ಸುಮ್ಮನಿರುತ್ತದೆ.

ಎಂಟನೆಯ ಹೆಜ್ಜೆ: ದಾರಿಯ ಬಾಯಲ್ಲಿ ನಿಂತು ಯೋಚಿಸಿ

ಎರಡು ಬಗೆಯ ನಡುವಿನ ವ್ಯತ್ಯಾಸ ಸ್ಪಷ್ಟವಾಗಿ ಗೊತ್ತಾಗುವ ಜಾಗ ಒಂದಿದೆ. ನೀವು ಡ್ರೈವ್‌ವೇ ಮುಗಿಸಿ ರಸ್ತೆಯ ಹತ್ತಿರ ಬರುವ ಹೊತ್ತಿಗೆ ಪುರಸಭೆಯ ಪ್ಲೋ ಟ್ರಕ್ ರಸ್ತೆಯ ಹಿಮವನ್ನೆಲ್ಲ ಬದಿಗೆ ತಳ್ಳಿಕೊಂಡು ಹೋಗಿರುತ್ತದೆ, ಮತ್ತು ನಿಮ್ಮ ದಾರಿಯ ಬಾಯಿಗೆ ಅಡ್ಡಲಾಗಿ ಎರಡು ಮೂರು ಅಡಿ ಎತ್ತರದ ದಿಬ್ಬ ಎದ್ದಿರುತ್ತದೆ. ಅದು ಹೂವಿನಂತಹ ಹಿಮವಲ್ಲ. ಉಪ್ಪು, ಮರಳು, ನೀರು, ಮುದ್ದೆಗಟ್ಟಿದ ಮಂಜು ಎಲ್ಲ ಸೇರಿ ಒತ್ತಿದ ಗೋಡೆ. ಕೆಲವು ಗಂಟೆ ಬಿಟ್ಟರೆ ಅದು ಕಲ್ಲಾಗುತ್ತದೆ.

ಹೈಡ್ರೋಸ್ಟ್ಯಾಟಿಕ್‌ನಲ್ಲಿ: ಲೋ ಹಂತಕ್ಕೆ ಹಾಕಿ, ಎಂಜಿನ್ನನ್ನು ಪಿಟಿಒ ವೇಗಕ್ಕೆ ಏರಿಸಿಡಿ. ಪೆಡಲನ್ನು ಕೂದಲೆಳೆಯಷ್ಟು ಒತ್ತಿ ಬ್ಲೋವರಿನ ಬಾಯಿ ದಿಬ್ಬಕ್ಕೆ ಅರ್ಧ ಅಡಿ ಹೋಗುವಂತೆ ಮಾಡಿ. ಎಂಜಿನ್ನಿನ ಸದ್ದು ತಗ್ಗಲು ಶುರುವಾದ ಕೂಡಲೇ ಪಾದವನ್ನು ಸಡಿಲಿಸಿ. ಟ್ರ್ಯಾಕ್ಟರ್ ನಿಲ್ಲುತ್ತದೆ, ಬ್ಲೋವರ್ ತನ್ನೊಳಗಿದ್ದುದನ್ನು ಎಸೆದು ಮುಗಿಸುತ್ತದೆ, ಸದ್ದು ಮತ್ತೆ ಏರುತ್ತದೆ. ಆಗ ಇನ್ನರ್ಧ ಅಡಿ. ಹೊಸಬರು ಇಲ್ಲಿ ಮಾಡುವ ತಪ್ಪು ಕಾರಿನ ಅಭ್ಯಾಸದಿಂದ ಬಂದದ್ದು: ಟ್ರ್ಯಾಕ್ಟರ್ ತಡವರಿಸಿದರೆ ಪೆಡಲನ್ನು ಇನ್ನೂ ಒತ್ತುತ್ತಾರೆ. ಒತ್ತಿದಷ್ಟೂ ಓರೆ ತಟ್ಟೆ ಹೆಚ್ಚು ವಾಲಿ ವೇಗವನ್ನು ಕೇಳುತ್ತದೆ, ಎಳೆಯುವ ಬಲ ಕಡಿಮೆಯಾಗುತ್ತದೆ, ಎಂಜಿನ್ ಇನ್ನಷ್ಟು ಕುಂದುತ್ತದೆ. ಬಲ ಬೇಕಾದಾಗ ಪಾದ ಹಿಂದಕ್ಕೆ ಬರಬೇಕು ಎಂಬುದನ್ನು ಹೈಡ್ರೋಸ್ಟ್ಯಾಟಿಕ್ ಕೊಂಡವರು ಮೊದಲ ದಿನವೇ ಕಲಿಯಬೇಕು. ಕೆಲವು ಎಲೆಕ್ಟ್ರಾನಿಕ್ ಮಾದರಿಗಳು ಎಂಜಿನ್ ಕುಂದುವುದನ್ನು ಗುರುತಿಸಿ ಈ ಕೆಲಸವನ್ನು ತಾವೇ ಮಾಡುತ್ತವೆ. ಪೆಡಲ್ ಒತ್ತಿದಂತೆ ಎಂಜಿನ್ ವೇಗವೂ ಏರಿಳಿಯುವ ಸೌಲಭ್ಯ ಇರುವ ಟ್ರ್ಯಾಕ್ಟರಿನಲ್ಲಿ ಬ್ಲೋವರ್ ಓಡಿಸುವಾಗ ಆ ಸೌಲಭ್ಯವನ್ನು ಬಂದ್ ಮಾಡಿಡಬೇಕು.

ಗೇರ್ ಟ್ರ್ಯಾಕ್ಟರಿನಲ್ಲಿ: ದಿಬ್ಬಕ್ಕೆ ತಲುಪುವ ಮೊದಲೇ ನಿಲ್ಲಿಸಿ ಅತಿ ನಿಧಾನದ ಗೇರಿಗೆ ಹಾಕಬೇಕು, ದಿಬ್ಬದೊಳಗೆ ಹೋದ ಮೇಲೆ ಅದಕ್ಕೆ ಸಮಯವಿರುವುದಿಲ್ಲ. ಒಳಗೆ ಹೋಗಿ, ಎಂಜಿನ್ ಕುಂದಿದಾಗ ಕ್ಲಚ್ ಒತ್ತಿ, ಬ್ಲೋವರ್ ಖಾಲಿಯಾಗಲು ಬಿಟ್ಟು, ಕ್ಲಚ್ಚನ್ನು ಮೆಲ್ಲಗೆ ಬಿಡಬೇಕು. ಇಡೀ ಅಗಲವನ್ನು ಒಮ್ಮೆಗೇ ತೆಗೆದುಕೊಳ್ಳದೆ, ಬ್ಲೋವರಿನ ಅರ್ಧ ಅಗಲದಷ್ಟನ್ನು ಮಾತ್ರ ಕಚ್ಚುತ್ತಾ ಹೋದರೆ ಕ್ಲಚ್ ಒತ್ತುವ ಸಂಖ್ಯೆ ಬಹಳ ಕಡಿಮೆಯಾಗುತ್ತದೆ. ಪವರ್ ರಿವರ್ಸರ್ ಇದ್ದರೆ ಸನ್ನೆಯನ್ನು ನ್ಯೂಟ್ರಲ್‌ಗೆ ತಂದರೆ ಸಾಕು. ಇದೆಲ್ಲ ಆಗದ ಕೆಲಸವಲ್ಲ. ನೂರಾರು ರೈತರು ಹೀಗೆಯೇ ಮಾಡುತ್ತಿದ್ದಾರೆ. ಕೈಕಾಲಿಗೆ ಬಿಡುವಿಲ್ಲ, ಅಷ್ಟೇ.

ಇಳಿಜಾರಿನ ದಾರಿಯಿದ್ದರೆ ಇನ್ನೊಂದು ಮಾತು. ಗೇರ್ ಟ್ರ್ಯಾಕ್ಟರಿನಲ್ಲಿ ಮಂಜಿನ ಇಳಿಜಾರಿನಲ್ಲಿ ಕ್ಲಚ್ ಒತ್ತಿದರೆ ಚಕ್ರಗಳಿಗೆ ಹಿಡಿತವೇ ಇಲ್ಲದಂತಾಗಿ ಟ್ರ್ಯಾಕ್ಟರ್ ತನ್ನಷ್ಟಕ್ಕೆ ಜಾರತೊಡಗುತ್ತದೆ. ಹೈಡ್ರೋಸ್ಟ್ಯಾಟಿಕ್‌ನಲ್ಲಿ ಪೆಡಲ್ ಬಿಟ್ಟರೆ ಎಣ್ಣೆಯೇ ತಡೆಯಾಗಿ ನಿಲ್ಲಿಸುತ್ತದೆ, ಆದರೆ ತಟ್ಟನೆ ಬಿಟ್ಟರೆ ಚಕ್ರಗಳು ನಿಂತಲ್ಲೇ ಜಾರುವುದರಿಂದ ಮೆಲ್ಲಗೆ ಬಿಡಬೇಕು. ಇಳಿಜಾರಿನ ನಡುವೆ ಲೋ ಹೈ ಹಂತವನ್ನು ಬದಲಿಸುವಂತಿಲ್ಲ, ಮತ್ತು ಟ್ರ್ಯಾಕ್ಟರಿನಿಂದ ಕೆಳಗಿಳಿದು ಹೋಗುವಾಗ ಎಣ್ಣೆಯ ತಡೆಯನ್ನು ನಂಬದೆ ಪಾರ್ಕಿಂಗ್ ಬ್ರೇಕ್ ಹಾಕಲೇಬೇಕು.

ಒಂಬತ್ತನೆಯ ಹೆಜ್ಜೆ: ಚಳಿಯನ್ನೂ ಖರ್ಚನ್ನೂ ಲೆಕ್ಕಕ್ಕೆ ತನ್ನಿ

ಸೊನ್ನೆಗಿಂತ 20 ಡಿಗ್ರಿ ಸೆಲ್ಸಿಯಸ್ ಕೆಳಗಿನ ಬೆಳಗಿನಲ್ಲಿ ಟ್ರಾನ್ಸ್‌ಮಿಷನ್ ಎಣ್ಣೆ ಮಂದವಾಗಿರುತ್ತದೆ. ಹೈಡ್ರೋಸ್ಟ್ಯಾಟಿಕ್‌ಗೆ ಇದು ಹೆಚ್ಚು ತಟ್ಟುತ್ತದೆ, ಏಕೆಂದರೆ ಅಲ್ಲಿ ಎಣ್ಣೆಯೇ ಚಾಲಕ. ಎಂಜಿನ್ ಶುರುವಾದ ಮೇಲೆ ಹತ್ತು ಹದಿನೈದು ನಿಮಿಷ ಕಡಿಮೆ ವೇಗದಲ್ಲಿ ಓಡಲು ಬಿಟ್ಟು, ನಂತರ ಸ್ವಲ್ಪ ದೂರ ಬರಿದೇ ಓಡಿಸಿ, ಆಮೇಲೆ ಕೆಲಸಕ್ಕೆ ಇಳಿಯಬೇಕು. ಕ್ಲಚ್ ಪೆಡಲ್ ಇರುವ ಹೈಡ್ರೋಸ್ಟ್ಯಾಟಿಕ್ ಮಾದರಿಯಾದರೆ ಶುರು ಮಾಡುವಾಗ ಅದನ್ನು ಒತ್ತಿಹಿಡಿದರೆ, ಬ್ಯಾಟರಿಗೆ ಪಂಪನ್ನೂ ಸೇರಿಸಿ ತಿರುಗಿಸುವ ಹೊರೆ ತಪ್ಪುತ್ತದೆ. ತಯಾರಕರು ಒಪ್ಪುವುದಾದರೆ ಚಳಿಗೆಂದೇ ಇರುವ ತೆಳು ಎಣ್ಣೆಯನ್ನು ತುಂಬಿಸಬಹುದು. ಎಂಜಿನ್ನನ್ನು ಬೆಚ್ಚಗಿಡುವ ಬ್ಲಾಕ್ ಹೀಟರ್ ಮತ್ತು ಚಳಿಗಾಲದ ಡೀಸೆಲ್ ಎರಡೂ ಬಗೆಯ ಟ್ರ್ಯಾಕ್ಟರಿಗೂ ಬೇಕು, ಅವುಗಳಲ್ಲಿ ಆಯ್ಕೆಯ ಪ್ರಶ್ನೆಯಿಲ್ಲ. ಗೇರ್ ಟ್ರ್ಯಾಕ್ಟರಿಗೆ ಇರುವ ಚಳಿಗಾಲದ ಕಾಯಿಲೆ ಬೇರೆ: ತಿಂಗಳುಗಟ್ಟಲೆ ನಿಂತಿದ್ದರೆ ಒಣ ಕ್ಲಚ್ಚಿನ ತಟ್ಟೆ ತುಕ್ಕು ಹಿಡಿದು ಫ್ಲೈವ್ಹೀಲಿಗೆ ಅಂಟಿಕೊಳ್ಳಬಹುದು. ಆಗಾಗ ಓಡಿಸುತ್ತಿದ್ದರೆ ಅದು ಬರುವುದಿಲ್ಲ.

ಒಂದೇ ಮಾದರಿಯಲ್ಲಿ ಹೈಡ್ರೋಸ್ಟ್ಯಾಟಿಕ್ ಬೆಲೆ ಗೇರಿನದಕ್ಕಿಂತ ಹೆಚ್ಚು. ಭಾರತದ ಮಹೀಂದ್ರ ಸೇರಿದಂತೆ ಅಮೆರಿಕದಲ್ಲಿ ಟ್ರ್ಯಾಕ್ಟರ್ ಮಾರುವ ಪ್ರಮುಖ ಕಂಪನಿಗಳು ಎರಡೂ ಬಗೆಯನ್ನು ಮಾರುವುದರಿಂದ ಒಂದೇ ಅಂಗಡಿಯಲ್ಲಿ ಎರಡರ ಬೆಲೆ ಕೇಳಿ ಹೋಲಿಸುವುದು ಸುಲಭ. ನಿರ್ವಹಣೆಯಲ್ಲಿ ಹೈಡ್ರೋಸ್ಟ್ಯಾಟಿಕ್ ಕೇಳುವುದು ಶುದ್ಧ ಎಣ್ಣೆ ಮತ್ತು ಸಮಯಕ್ಕೆ ಸರಿಯಾಗಿ ಬದಲಿಸಿದ ಫಿಲ್ಟರ್ ಮಾತ್ರ. ಹೊಸ ಟ್ರ್ಯಾಕ್ಟರಿನ ಮೊದಲ ಫಿಲ್ಟರ್ ಬದಲಾವಣೆ ಹಲವು ಮಾದರಿಗಳಲ್ಲಿ ಐವತ್ತು ಗಂಟೆಗೇ ಬರುತ್ತದೆ, ಇದನ್ನು ಮುಂದೂಡಬೇಡಿ. ಪಂಪ್ ಕೆಟ್ಟರೆ ಖರ್ಚು ದೊಡ್ಡದು ಎಂಬ ಭಯ ಸುಳ್ಳಲ್ಲ. ಆದರೆ ದಿನಕ್ಕೆ ಹತ್ತಾರು ಸಲ ದಿಕ್ಕು ಬದಲಿಸುವ ಮನೆಯಲ್ಲಿ ಗೇರ್ ಟ್ರ್ಯಾಕ್ಟರಿನ ಕ್ಲಚ್ ಖರ್ಚನ್ನೂ ಅದರ ಪಕ್ಕದಲ್ಲಿಟ್ಟು ನೋಡಬೇಕು.

ಹತ್ತನೆಯ ಹೆಜ್ಜೆ: ಕೊಳ್ಳುವ ಮುನ್ನ ಓಡಿಸಿ ಪರೀಕ್ಷಿಸಿ

ಹಳೆಯ ಹೈಡ್ರೋಸ್ಟ್ಯಾಟಿಕ್ ಟ್ರ್ಯಾಕ್ಟರನ್ನು ತಣ್ಣಗಿದ್ದಾಗ ನೋಡಿ ಮೆಚ್ಚಬೇಡಿ. ಸವೆದ ಪಂಪ್ ತಣ್ಣನೆಯ ದಪ್ಪ ಎಣ್ಣೆಯಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತದೆ. ಅರ್ಧ ಗಂಟೆ ಓಡಿಸಿ ಎಣ್ಣೆ ಬಿಸಿಯಾದ ಮೇಲೆ, ಒಂದು ಏರಿನಲ್ಲಿ ನಿಧಾನವಾಗಿ ಹತ್ತಿಸಿ. ಎಂಜಿನ್ ಗಟ್ಟಿಯಾಗಿ ಓಡುತ್ತಿದ್ದರೂ ಟ್ರ್ಯಾಕ್ಟರ್ ಸೋತು ನಿಂತರೆ, ಅಥವಾ ಪಂಪ್ ಲೋ ಹಂತದಲ್ಲಿಯೂ ಕೀರಲು ದನಿಯಲ್ಲಿ ಊಳಿಟ್ಟರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಬಿಡಿ. ಗೇರ್ ಟ್ರ್ಯಾಕ್ಟರಾದರೆ, ಮೇಲಿನ ಗೇರಿನಲ್ಲಿ ಬ್ರೇಕ್ ಒತ್ತಿಕೊಂಡು ಕ್ಲಚ್ಚನ್ನು ಮೆಲ್ಲಗೆ ಬಿಟ್ಟು ನೋಡಿ. ಎಂಜಿನ್ ಕುಂದದೆ ಹಾಗೇ ಓಡುತ್ತಿದ್ದರೆ ಕ್ಲಚ್ ಸವೆದಿದೆ. ಷಟಲ್ ಸನ್ನೆಯನ್ನು ಹತ್ತು ಹದಿನೈದು ಸಲ ಹಿಂದೆ ಮುಂದೆ ಮಾಡಿ, ಕರಕರ ಸದ್ದು ಬರುತ್ತದೆಯೇ ಕೇಳಿಸಿಕೊಳ್ಳಿ. ಎರಡರಲ್ಲಿಯೂ ಪಿಟಿಒ ಹಾಕಿ, ಎಂಜಿನ್ ನಿಗದಿತ ವೇಗದಲ್ಲಿರುವಾಗ ಅತಿ ನಿಧಾನವಾಗಿ ಸಾಗಿಸಿ, ಹತ್ತು ಮೀಟರ್ ದೂರಕ್ಕೆ ಎಷ್ಟು ಸೆಕೆಂಡ್ ಹಿಡಿಯಿತೆಂದು ನೋಡಿ: 36 ಸೆಕೆಂಡ್ ಹಿಡಿದರೆ ಅದು ಗಂಟೆಗೆ ಒಂದು ಕಿಲೋಮೀಟರ್.

ಯಾವ ಬಗೆಯನ್ನೇ ಕೊಂಡರೂ ಒಂದು ನಿಯಮಕ್ಕೆ ವಿನಾಯಿತಿಯಿಲ್ಲ. ಚ್ಯೂಟ್ ಕಟ್ಟಿಕೊಂಡರೆ ಪಿಟಿಒ ತೆಗೆದು, ಎಂಜಿನ್ ಆರಿಸಿ, ಕೀಲಿಯನ್ನು ಕೈಯಲ್ಲಿ ಹಿಡಿದುಕೊಂಡೇ ಇಳಿಯಬೇಕು, ಮತ್ತು ಹಿಮವನ್ನು ಕೋಲಿನಿಂದ ಮಾತ್ರ ತೆಗೆಯಬೇಕು. ಹಿಮವನ್ನು ಒಳಗೆಳೆಯುವ ಸುರುಳಿಯಾದ ಆಗರ್ ಸಿಕ್ಕಿಬಿದ್ದು ಅದನ್ನು ಬಿಡಿಸಿದಾಗ, ಎಂಜಿನ್ ಆರಿದ್ದರೂ, ತಡೆಹಿಡಿದ ಬಿಗುವಿನಿಂದ ಒಂದು ಸುತ್ತು ಹಾರಬಲ್ಲದು. ಆಗರ್ ಕಲ್ಲಿಗೆ ಬಡಿದಾಗ ಮುರಿಯಲೆಂದೇ ಇರುವ ಶಿಯರ್ ಬೋಲ್ಟ್‌ಗಳನ್ನು ಕೈಪಿಡಿ ಹೇಳಿದ ಗಟ್ಟಿತನದ್ದೇ ಕೊಳ್ಳಿ, ಅದಕ್ಕಿಂತ ಗಟ್ಟಿಯಾದದ್ದನ್ನು ಹಾಕಿದರೆ ಬೋಲ್ಟಿನ ಬದಲು ಗೇರ್‌ಬಾಕ್ಸ್ ಒಡೆಯುತ್ತದೆ. ಟ್ರ್ಯಾಕ್ಟರಿನ ಜೊತೆಗೇ ಅಂಥ ಬೋಲ್ಟ್‌ಗಳನ್ನು ಅರ್ಧ ಡಜನ್ ಕೊಂಡು ಉಪಕರಣದ ಪೆಟ್ಟಿಗೆಯಲ್ಲಿಡಿ. ದೊಡ್ಡ ಹಿಮ ಬೀಳುವ ದಿನ ಅಂಗಡಿಗೆ ಹೋಗುವ ದಾರಿಯೂ ಮುಚ್ಚಿರುತ್ತದೆ.